ಕನ್ಯಾ ಸಿಗದ ಸಿಟ್ಟು ಯಾರ ಮೇಲೆ?

2024ರಲ್ಲಿ ಕನಕಗಿರಿಯ ಜನಸ್ಪಂದನ ಸಭೆಗೆ ಬಂದಿದ್ದ ಯುವ ರೈತರೊಬ್ಬರು, ನನಗೊಂದು ಕನ್ಯಾ ಹುಡುಕಿಕೊಡಿ ಎಂದು ಕೊಪ್ಪಳ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟರು. ವಿಡಿಯೊ ನೋಡಿ ಬಹಳ ಜನ ನಕ್ಕರು. ನನಗೆ ನಗು ಬರಲಿಲ್ಲ. ಗಂಗಾವತಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಮೂವತ್ತೈದು ದಾಟಿದ ಎಷ್ಟೋ ಗಂಡುಮಕ್ಕಳು "ನಿಂದು ಯಾವಾಗಪಾ?" ಅನ್ನೋ ಪ್ರಶ್ನೆಗೆ ಅಂಜಿ ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಆ ನೋವು ಖರೇ.

ಆ ರೈತ ಯಾರನ್ನೂ ಬೈಯಲಿಲ್ಲ. ನನ್ನ ಆತಂಕ ಇರುವುದು ಅವರಿಗಿಂತ ಹತ್ತು ಹದಿನೈದು ವರ್ಷ ಚಿಕ್ಕವರ ಬಗ್ಗೆ. ರಾತ್ರಿಯೆಲ್ಲ ಮೊಬೈಲ್ ನೋಡುವ ಈ ಹುಡುಗರಿಗೆ "ನಿನ್ನ ಒಂಟಿತನಕ್ಕೆ ಸ್ತ್ರೀವಾದವೇ ಕಾರಣ" ಎಂದು ರೀಲ್ಸ್‌ಗಳು ಹೇಳಿಕೊಡುತ್ತಿವೆ.

ಈ ವಿಚಾರ ಹುಟ್ಟಿದ್ದು ದೂರದಲ್ಲಿ. 'ಇನ್ಸೆಲ್', ಅಂದರೆ ಬಯಸಿದರೂ ಸಂಗಾತಿ ಸಿಗದವರು, ಎಂದು ತಮ್ಮನ್ನು ಕರೆದುಕೊಳ್ಳುವವರ ಗುಂಪಿಗೆ ಮೂಲ, 1997ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಬ್ಬ ವಿದ್ಯಾರ್ಥಿನಿ ತೆರೆದ ವೆಬ್‌ಸೈಟ್. ಸಂಗಾತಿ ಸಿಗದ ಗಂಡಸರು, ಹೆಂಗಸರು ಇಬ್ಬರೂ ಕಷ್ಟಸುಖ ಹಂಚಿಕೊಳ್ಳಲಿ ಎಂಬುದು ಆಕೆಯ ಆಸೆ. ಆಕೆ ಬಿಟ್ಟು ಹೋದ ಮೇಲೆ ವರ್ಷಗಳುರುಳಿದಂತೆ ಅದು ಸಿಟ್ಟಿನ ಗಂಡಸರ ಕೂಟವಾಯಿತು. ನೂರರಲ್ಲಿ 80 ಹೆಣ್ಣುಗಳು 20 ಗಂಡಸರ ಹಿಂದೆಯೇ ಹೋಗುತ್ತಾರೆ, ಮುಖದ ಎಲುಬು ನೆಟ್ಟಗಿಲ್ಲದವನ ಹಣೆಬರಹ ಅಷ್ಟೇ ಎಂಬುದು ಅವರ ಲೆಕ್ಕ. 2014ರಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ತಾದಲ್ಲಿ, ಹೆಣ್ಣುಗಳು ನನ್ನನ್ನು ಒಪ್ಪಲಿಲ್ಲ ಎಂದು ಒಬ್ಬ ಆರು ಜನರನ್ನು ಕೊಂದ. ಸತ್ತವರಲ್ಲಿ ನಾಲ್ವರು ಗಂಡಸರೇ. 2018ರಲ್ಲಿ ಅದೇ ಟೊರಾಂಟೊದಲ್ಲಿ ಅವನನ್ನು ಹೊಗಳುತ್ತಿದ್ದವನೊಬ್ಬ ಪಾದಚಾರಿಗಳ ಮೇಲೆ ವ್ಯಾನ್ ಹರಿಸಿದ. ಆ ದಿನ 10 ಜನ ಸತ್ತರು, ಎಂಟು ಮಂದಿ ಹೆಂಗಸರು.

ನಮ್ಮ ಕಡೆ ಹಾಗಿಲ್ಲ ಬಿಡ್ರಿ ಅನ್ನಬೇಡಿ. 2024ರ ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಇಬ್ಬರು ಯುವತಿಯರನ್ನು ಇರಿದು ಕೊಂದರಲ್ಲ. ಒಬ್ಬಳನ್ನು ಕಾಲೇಜಿನ ಆವರಣದಲ್ಲಿ, ಇನ್ನೊಬ್ಬಳನ್ನು ಮನೆಯೊಳಗೇ ನುಗ್ಗಿ. ಕೊಂದವರು ಇನ್ಸೆಲ್ ಪದ ಕೇಳಿರಬೇಕಿಲ್ಲ. ಒಲ್ಲೆ ಅನ್ನುವ ಅಧಿಕಾರ ಹೆಣ್ಣಿಗಿಲ್ಲ ಎಂಬ ನಂಬಿಕೆ ಸಾಕು.

ನಾನು ಪಾಠ ಮಾಡಿದ ಹುಡುಗನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕು, "ಮೇಡಂ, ಹೆಣ್ಮಕ್ಕಳಿಗೆ ಓದಿಸಿ ಓದಿಸಿ ನಮಗ ಕನ್ಯಾ ಸಿಗದಂಗ ಮಾಡೀರಿ ನೋಡ್ರಿ" ಅಂದ. ಅವನ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ನಾನು ಕೇಳಿದೆ: "ನಿಮ್ಮವ್ವ ಹತ್ತಿ ಹೊಲದಾಗ ದುಡಿದದ್ದಕ್ಕ ಹೊಲದ ಪಹಣಿಯೊಳಗ ಆಕಿ ಹೆಸರೈತೇನಪಾ? ನಿಮ್ಮಕ್ಕನ ಕಡೆಯಿಂದ ಹಕ್ಕು ಬಿಡುಗಡೆ ಪತ್ರಕ್ಕ ಸಹಿ ಹಾಕಿಸಿಕೊಂಡಿಲ್ಲೇನು?" ಅವನು ಸುಮ್ಮನಾದ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಕಾನೂನು ಬಂದದ್ದು 1994ರಲ್ಲಿ. ಸಹಿ ಹಾಕಿಸಿಕೊಳ್ಳುವುದು ಇವತ್ತಿಗೂ ನಿಂತಿಲ್ಲ. ತಾಯಿಯ ಇಂಥ ಬದುಕನ್ನು ಕಣ್ಣಾರೆ ಕಂಡ ಹುಡುಗಿ ಡಿಗ್ರಿ ಮುಗಿಸಿ ರೈತನ ಮನೆ ಒಲ್ಲೆ ಅಂದರೆ ಅದು ಸೊಕ್ಕಲ್ಲ.

2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ 1000 ಗಂಡಸರಿಗೆ 1000 ಹೆಂಗಸರು, ಕೊಪ್ಪಳದಲ್ಲಿ 986. ಹರಿಯಾಣದಲ್ಲಿ ಬರೀ 879. ಹಾಗಾಗಿ ಬರೀ ಹೆಣ್ಣುಗಳ ಸಂಖ್ಯೆ ತೋರಿಸಿ ನಮ್ಮ ಸಮಸ್ಯೆ ವಿವರಿಸಲಾಗದು. ಒಳಪಂಗಡ ಕೂಡಬೇಕು, ಬೆಡಗು (ಗೋತ್ರದಂಥ ಮನೆತನದ ಗುರುತು) ನೋಡಬೇಕು, ಗಂಡಿಗೆ ಸರ್ಕಾರಿ ನೌಕರಿ ಇರಬೇಕು ಅನ್ನುವವರು ಯಾರು? ಮನೆಯ ಹಿರಿಯರು. ಗಂಡಸನ್ನು ಪಗಾರದಿಂದ, ಎಕರೆಯಿಂದ ಅಳೆಯುವ ಈ ಪದ್ಧತಿಯನ್ನು ಸ್ತ್ರೀವಾದಿಗಳು ಮೊದಲಿನಿಂದ ವಿರೋಧಿಸುತ್ತಾ ಬಂದಿದ್ದಾರೆ. ಗಂಡು ಅಳಬಾರದು, ದುಡಿಯದವನು ಗಂಡಸೇ ಅಲ್ಲ ಎಂಬ ಮಾತನ್ನೂ ಅವರೇ ಪ್ರಶ್ನಿಸಿದ್ದು. ಒಂಟಿ ಹುಡುಗನ ಪರವಾಗಿ ನಿಲ್ಲಬಲ್ಲ ವಿಚಾರವನ್ನೇ ಅವನ ವೈರಿ ಎಂದು ತೋರಿಸುತ್ತಿರುವುದು ನನ್ನ ಹೊಟ್ಟೆ ಉರಿಸುತ್ತದೆ.

ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಕಾನೂನು ಅರಿವು, ಆತ್ಮರಕ್ಷಣೆ ಅಂತ ಕಾರ್ಯಕ್ರಮ ಮಾಡುತ್ತೇವೆ. ಗಂಡು ಹುಡುಗರ ಹಾಸ್ಟೆಲ್‌ಗೆ, ಐಟಿಐಗಳಿಗೆ ಹೋಗಿ ಪ್ರೀತಿ, ತಿರಸ್ಕಾರ, ಒಂಟಿತನದ ಬಗ್ಗೆ ಅವರ ಜೊತೆ ಕೂತು ಮಾತಾಡಿದವರು ಕಡಿಮೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಶಿಕ್ಷಕರು, ವಾರ್ಡನ್‌ಗಳು ಯಾರಾದರೂ ಒಂದು ಸಂಜೆ ಕೊಟ್ಟರೆ ನಾನು ಬರುತ್ತೇನೆ. ಜೊತೆಗೆ ಗಂಡಸರೂ ಒಬ್ಬಿಬ್ಬರು ಬರಬೇಕು. ಕೆಲವು ಮಾತನ್ನು ಆ ಹುಡುಗರು ನನ್ನೆದುರು ಆಡಲಾರರು.