ನೆಲಗಪ್ಪೆಯ ಹಾಲನ್ನು ಗಾಯಕ್ಕೆ ಹಚ್ಚಬೇಡಿ

ನೆಲಗಪ್ಪೆಯ ಚರ್ಮದ ಸ್ರಾವದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಅಂಶಗಳಿವೆ ಎಂಬ ಲೇಖನವೊಂದನ್ನು ಓದಿ ಖುಷಿಯಾಯಿತು. ಆದರೆ ಅದನ್ನು ಓದಿದ ಒಬ್ಬರು "ಹಾಗಾದರೆ ಗಾಯಕ್ಕೆ ಹಚ್ಚಬಹುದಲ್ಲ" ಎಂದು ಕೇಳಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ ಸರ್.

ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹೋದ ಮಳೆಗಾಲ ನಮ್ಮ ನಾಯಿ ಕಣದ ಮೂಲೆಯಲ್ಲಿ ಕೂತಿದ್ದ ನೆಲಗಪ್ಪೆಗೆ ಬಾಯಿ ಹಾಕಿತು. ಕಪ್ಪೆಯ ಕಣ್ಣಿನ ಹಿಂದೆ ಉಬ್ಬಿಕೊಂಡಿರುವ ಎರಡು ಗ್ರಂಥಿಗಳಿವೆಯಲ್ಲ, ಅಲ್ಲಿಂದ ಬೆಳ್ಳಗೆ ಹಾಲಿನಂಥ ಅಂಟು ಒಸರಿತ್ತು. ಸ್ವಲ್ಪ ಹೊತ್ತಿಗೇ ನಾಯಿ ಬಾಯಲ್ಲಿ ನೊರೆ, ಕಾಲು ನಡುಕ. ಪೈಪ್ ಹಿಡಿದು ಬಾಯಿ ತೊಳೆದು ಡಾಕ್ಟರ ಹತ್ತಿರ ಓಡಿದ್ದಕ್ಕೆ ಉಳಿಯಿತು. ಆ ಹಾಲಿನಲ್ಲಿರುವ ಬುಫಾಡಿಯನೊಲೈಡ್ ಎಂಬ ವಿಷಗಳು ಹೃದಯದ ಬಡಿತವನ್ನೇ ಏರುಪೇರು ಮಾಡುತ್ತವೆ.

ಔಷಧಿಯ ದಾರಿ ಬೇರೆ. ಆಫ್ರಿಕಾದ ಒಂದು ಜಾತಿಯ ಕಪ್ಪೆಗಳ ಆಪರೇಷನ್ ಗಾಯ ಕೊಳಕು ನೀರಿನಲ್ಲೂ ಕೀವಾಗದೆ ಮಾಯುವುದನ್ನು ಗಮನಿಸಿದ ಅಮೆರಿಕದ ವಿಜ್ಞಾನಿ ಮೈಕೆಲ್ ಜಾಸ್ಲಾಫ್, 1987ರಲ್ಲಿ ಅವುಗಳ ಚರ್ಮದಿಂದ ಮ್ಯಾಗೈನಿನ್ ಎಂಬ, ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವನ್ನು ಬೇರ್ಪಡಿಸಿದರು. 23 ಅಮೈನೋ ಆಮ್ಲಗಳ ಸಣ್ಣ ಸರಪಳಿ, ಬ್ಯಾಕ್ಟೀರಿಯಾದ ಪೊರೆಯನ್ನೇ ತೂತು ಮಾಡುತ್ತದೆ! ಅದನ್ನು ಅನುಸರಿಸಿ ತಯಾರಿಸಿದ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮುಲಾಮಿಗೂ 1999ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಡಲಿಲ್ಲ.

ತೋಟದಲ್ಲಿ ಮಕ್ಕಳು ಕಪ್ಪೆ ಮುಟ್ಟಿದರೆ, ಕಣ್ಣುಜ್ಜುವ ಮೊದಲು ಸೋಪು ಹಾಕಿ ಕೈ ತೊಳೆಸಿ.