ನೀಲಿ ಮೂತಿಯ ‘ಹೊಸ’ ಸ್ಪ್ರೇಯರ್

ಮೇ ಮುಗಿಯುವ ಹೊತ್ತಿಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕೊರಿಯರ್ ಹುಡುಗರ ಬೈಕಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆಗಳು ಗುಡ್ಡ ಹತ್ತುತ್ತವೆ. ಒಳಗೆ ಅಡಿಕೆಗೆ ಮದ್ದು ಬಿಡಲೆಂದು ತರಿಸಿದ, ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರ್. ವಾರ ಕಳೆಯುವಷ್ಟರಲ್ಲಿ ಅವುಗಳಲ್ಲಿ ಕೆಲವು ಅದೇ ಬೈಕಿನಲ್ಲಿ ಗುಡ್ಡ ಇಳಿಯುತ್ತವೆ. ಕಾರಣ: ‘ಕೆಲಸ ಮಾಡುತ್ತಿಲ್ಲ’.

ಪಾಪ, ಅದು ಕೆಲಸ ಮಾಡಿಯೇ ಇರುತ್ತದೆ. 12 ವೋಲ್ಟ್ ಬ್ಯಾಟರಿ, ಪುಟ್ಟ ಪಂಪು, 16 ಲೀಟರ್ ಟ್ಯಾಂಕು. ಅಲಸಂಡೆ ಚಪ್ಪರಕ್ಕೆ, ಮೆಣಸಿನ ಬಳ್ಳಿಯ ಬುಡಕ್ಕೆ ಧಾರಾಳ ಸಾಕು. ಐವತ್ತಡಿ ಮೇಲಿನ ಅಡಿಕೆ ಗೊನೆಗೆ ಮಾತ್ರ ತಾಗುವುದಿಲ್ಲ, ಬಿಟ್ಟವರ ತಲೆಗೇ ಬೀಳುತ್ತದೆ. “ಎಂತ ಮಾರಾಯ್ರೆ ಇದು!” ಅನ್ನುವುದು ಆಗಲೇ. ಅಷ್ಟು ಎತ್ತರಕ್ಕೆ ಪವರ್ ಸ್ಪ್ರೇಯರ್, ಉದ್ದದ ಪೈಪು, ಮರ ಹತ್ತುವವನೋ ದೋಟಿ ಹಿಡಿಯುವವನೋ ಬೇಕು.

ಮಾರುವವ ‘ಎತ್ತರದ ಮರಗಳಿಗೂ’ ಎಂದು ಬರೆದಿದ್ದರೆ ದಾಕ್ಷಿಣ್ಯವಿಲ್ಲದೆ ವಾಪಸು ಮಾಡಿ. ಕೆಟ್ಟ ಮಾಲನ್ನು, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಮಾಲನ್ನು ತಿರುಗಿ ತೆಗೆದುಕೊಳ್ಳುವುದಿಲ್ಲ ಎನ್ನಲು 2020ರ ಇ-ಕಾಮರ್ಸ್ ನಿಯಮಗಳು ಬಿಡುವುದಿಲ್ಲ. ‘ನಾನು ಎಣಿಸಿದ ಹಾಗಿಲ್ಲ’ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೂ ವಾಪಸು ತೆಗೆದುಕೊಂಡರೆ ಅದು ಮಾರುವವ ತಾನಾಗಿ ಕೊಟ್ಟ ಸವಲತ್ತು. ಆ ಸವಲತ್ತು ಇಲ್ಲದ ಕಡೆ ಗಟ್ಟಿಮುಟ್ಟಾದ ಯಂತ್ರಕ್ಕೆ ಇಲ್ಲದ ಕಾಯಿಲೆ ಅಂಟುತ್ತದೆ.

ವಾಪಸಿನ ಕಾರಣದ ಜತೆಗೆ ಇನ್ನೊಂದು ಸಾಲು: ‘ಒಮ್ಮೆಯೂ ಬಳಸಿಲ್ಲ’. ನಾಝಲ್ ತಿರುಗಿಸಿ ತೆಗೆದರೆ ತಿರುಪಿನ ಸಂದಿಯೊಳಗೆಲ್ಲ ತಿಳಿನೀಲಿ. ಅದು ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಬಣ್ಣ. ಶೇಕಡಾ 1ರ ಬೋರ್ಡೋ ಎಂದರೆ ಒಂದು ಟ್ಯಾಂಕಿಗೆ 160 ಗ್ರಾಂ ಮೈಲುತುತ್ತು, 160 ಗ್ರಾಂ ಸುಣ್ಣ. ಕಾಸರಗೋಡಿನ ಮಳೆಗೇ ತೊಳೆದು ಹೋಗಬಾರದೆಂದು ಮಾಡಿದ ಮದ್ದು ಬಚ್ಚಲಿನ ಎರಡು ಚೆಂಬು ನೀರಿಗೆ ಹೋದೀತೇ?

ಆದ್ದರಿಂದ ಮೊದಲ ಪರೀಕ್ಷೆ ಬರೀ ನೀರಿನಲ್ಲಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಐದು ಲೀಟರ್ ನೀರು ಹಾಕಿ, ಮನೆಯ ಗೋಡೆಗೆ ಬಿಟ್ಟು ಎಷ್ಟು ಎತ್ತರ ಒದ್ದೆಯಾಯಿತು ನೋಡಿ. ಮೋಟಾರು ತಿರುಗದಿದ್ದರೆ ಅಡಿಯ ಮುಚ್ಚಳ ಬಿಚ್ಚಿ. ಸಾಗಣೆಯ ಕುಲುಕಾಟಕ್ಕೆ ಬ್ಯಾಟರಿಯ ವಯರು ಕಳಚಿರಬಹುದು. ಮೋಟಾರು ಗುಂಯ್‌ಗುಟ್ಟಿ ನೀರು ಬಾರದಿದ್ದರೆ ಟ್ಯಾಂಕಿನ ತಳದ ಜಾಲರಿ ನೋಡಿ. ಇಷ್ಟಾದರೂ ಸುಮ್ಮನಿದ್ದರೆ ಯಂತ್ರ ನಿಜಕ್ಕೂ ಕೆಟ್ಟಿದೆ. ವಿಡಿಯೋ ತೆಗೆದು ಕಳಿಸಿ. ಪೆಟ್ಟಿಗೆಯಲ್ಲಿ ಚಾರ್ಜರ್ ಇಡುವುದನ್ನು ಮಾತ್ರ ಮರೆಯಬೇಡಿ. ಮದ್ದು ಹಾಕಿದ ಮೇಲೆ ಧಾರೆ ಸಣ್ಣಗಾಯಿತೇ? ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿಲ್ಲ, ಅಷ್ಟೆ. ನಾಝಲ್ ಬಿಚ್ಚಿ ತೊಳೆದರೆ ಮುಗಿಯಿತು.

ನೀಲಿಯಾದದ್ದನ್ನು ಮೆಣಸಿನ ತೋಟವಿರುವ ಭಾವನಿಗೆ ದರ ಇಳಿಸಿ ಕೊಡುವುದೇ ಮರ್ಯಾದೆ. ಆತ ಚೌಕಾಸಿ ಮಾಡುತ್ತಾನೆ, ಮಾಡಲಿ.

ಅಷ್ಟೂ ಬೇಡವೆಂದು ವಾಪಸು ಕಳಿಸಿದವರು 40–45 ದಿನ ಕಳೆದು ಎರಡನೇ ಮದ್ದಿನ ಹೊತ್ತಿಗೆ ಮತ್ತೆ ಅದೇ ಪುಟ ತೆರೆಯುತ್ತಾರೆ. ಮೇಲೆಯೇ ಯಾರದ್ದೋ ಅಭಿಪ್ರಾಯ, ಒಂದೇ ಸ್ಟಾರ್: ‘ಬಂದದ್ದು ಹಳೆ ಮಾಲು. ನಾಝಲ್ ನೀಲಿ ಇತ್ತು. ಮೋಸ!’ ಓದಿ, ‘ಎಂಥ ಜನ ಇವರು’ ಎಂದು ಗೊಣಗಿ, ಬೇರೆ ಅಂಗಡಿ ಹುಡುಕುತ್ತಾರೆ.