ಕರಿನೀರಿನ ಶಿಕ್ಷೆ

ಮನೆಯ ತೊಟ್ಟಿಯಲ್ಲಿ ಸಾಕಿರುವ ಆಲ್ಟಂ ಏಂಜೆಲ್ ಮೀನಿಗೆ ನೀರು ಸಿದ್ಧಪಡಿಸುವ ಕ್ರಮವನ್ನು ವಿವರಿಸಿದರೆ ಕೇಳಿದವರು ನನ್ನನ್ನು ಕನಿಕರದಿಂದ ನೋಡುತ್ತಾರೆ. ಮೊದಲು ಆರ್‌ಒ ಯಂತ್ರದಲ್ಲಿ ಸೋಸಿ ನೀರಿನ ಲವಣಗಳನ್ನೆಲ್ಲ ತೆಗೆಯಬೇಕು. ಹಾಗೆ ಪರಿಶುದ್ಧವಾದ ನೀರಿಗೆ ಒಣಗಿದ ಕಾಡುಬಾದಾಮಿ ಎಲೆ, ಮರದ ಬೇರು ಹಾಕಿ, ಯಾರೂ ಕುಡಿಯಲೊಪ್ಪದ ಬಣ್ಣ ಬರುವವರೆಗೆ ಕಾಯಬೇಕು.

ತಪ್ಪು ಮೀನಿನದಲ್ಲ. ದಕ್ಷಿಣ ಅಮೆರಿಕದ ಒರಿನೊಕೊ ಮತ್ತು ರಿಯೊ ನೆಗ್ರೊ ನದಿಗಳ ಸೀಮೆಯಲ್ಲಿ, ಕೊಳೆತ ಎಲೆಗಳ ಟ್ಯಾನಿನ್ ಎಂಬ ಒಗರಿನಿಂದ ಕಪ್ಪಾದ, ಪಿಎಚ್ 5ಕ್ಕಿಂತಲೂ ಕೆಳಗಿಳಿಯುವಷ್ಟು ಆಮ್ಲೀಯವಾದ ನೀರಿನಲ್ಲಿ ಹುಟ್ಟಿ ಬೆಳೆದ ಜೀವವದು. ಅಲ್ಲಿ ಖನಿಜವೂ ಕಡಿಮೆ, ರೋಗಾಣುವೂ ಕಡಿಮೆ. ಶಾಖ 28ರಿಂದ 30 ಡಿಗ್ರಿ ಸೆಲ್ಸಿಯಸ್ ಇರಬೇಕು. ರೆಕ್ಕೆ ಸೇರಿ 30 ಸೆಂಟಿಮೀಟರ್ ಮೀರಿ ಎತ್ತರಕ್ಕೆ ಬೆಳೆಯುವುದರಿಂದ ತೊಟ್ಟಿಯೂ ಆಳವಾಗಿರಬೇಕು. ನಮ್ಮ ಟಿವಿ ಜಾಗ ಬಿಟ್ಟುಕೊಟ್ಟಿತು.

ಇದನ್ನೆಲ್ಲ ಭಾವನವರಿಗೆ ವಿವರಿಸಿಯೇ ಇದ್ದೆ. ಆದರೂ ಒಂದು ರಾತ್ರಿ ಆ ನೀರನ್ನು ನೋಡಲಾರದೆ ಅವರು ಫಿಲ್ಟರಿನೊಳಗೆ ಸಕ್ರಿಯ ಇದ್ದಿಲಿನ ಚೀಲವಿಟ್ಟು ಪುಣ್ಯ ಕಟ್ಟಿಕೊಂಡರು. ಟ್ಯಾನಿನ್ ಹೀರುವುದರಲ್ಲಿ ಇದ್ದಿಲು ನಿಸ್ಸೀಮ. ಮರುದಿನ ಸಂಜೆಯ ಹೊತ್ತಿಗೆ ನೀರು ತಿಳಿಯಾಗಿತ್ತು. ಮೀನುಗಳು ಬಣ್ಣಗೆಟ್ಟು, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತವರಂತೆ ಮೂಲೆ ಹಿಡಿದಿದ್ದವು. “ಈಗ ಎಷ್ಟು ಚೆನ್ನಾಗಿ ಕಾಣುತ್ತಿವೆ ನೋಡು!” ಎಂದರು ಭಾವ. ಕಾಣುತ್ತಿರುವುದೇ ಅವುಗಳ ಸಂಕಟವೆಂದು ಹೇಗೆ ಹೇಳಲಿ?

ಅಲ್ಲಿಂದ ಉಪವಾಸ ಸತ್ಯಾಗ್ರಹ ಶುರುವಾಯಿತು. ಹೊಳೆಯಲ್ಲಿ ಹಿಡಿದ ಮೀನು ಒಣ ಆಹಾರವನ್ನು ಆಹಾರವೆಂದೇ ಒಪ್ಪುವುದಿಲ್ಲ. ಅದಕ್ಕೆ ಮಿಸುಕಾಡುವ ಊಟ ಬೇಕು. ಬಾಲ್ಕನಿಯ ಬಕೆಟ್ಟಿನಲ್ಲಿ ಸೊಳ್ಳೆಮರಿ ಬೆಳೆಸಿ ತೊಟ್ಟಿಗೆ ಸುರಿದೆ. ಮೀನುಗಳು ಆಲೋಚಿಸುತ್ತಲೇ ಇದ್ದವು. ಸೊಳ್ಳೆಮರಿಗೆ ಅಷ್ಟು ಬಿಡುವಿರುವುದಿಲ್ಲ. ಉಣ್ಣಬೇಕಾದವರು ಉಣ್ಣದಿದ್ದಾಗ ಊಟವೇ ರೆಕ್ಕೆ ಬಲಿತು ಎದ್ದು ಬಂದು ನಮ್ಮೆಲ್ಲರನ್ನೂ ಉಂಡಿತು.

ಕಡೆಗೆ ಬಲ್ಲವರೊಬ್ಬರು ಉಪಾಯ ಹೇಳಿದರು: ಸಣ್ಣ ಮೀನುಗಳು ಬಯಲಿನಲ್ಲಿ ನಿರ್ಭಯವಾಗಿ ಓಡಾಡುತ್ತಿದ್ದರೆ, ಹತ್ತಿರದಲ್ಲಿ ಅಪಾಯವಿಲ್ಲವೆಂದು ಅಂಜುಬುರುಕ ದೊಡ್ಡವಕ್ಕೆ ಧೈರ್ಯ ಬರುತ್ತದೆ. ರಿಯೊ ನೆಗ್ರೊ ಸೀಮೆಯವೇ ಆದ ಕಾರ್ಡಿನಲ್ ಟೆಟ್ರಾ ಎಂಬ ಪುಟ್ಟ ಮೀನುಗಳನ್ನು ತಂದು ಬಿಟ್ಟೆ. ಉಪಾಯ ಅಕ್ಷರಶಃ ಫಲಿಸಿತು. ಆಲ್ಟಂಗಳು ಮೂಲೆ ಬಿಟ್ಟು ಗಾಂಭೀರ್ಯದಿಂದ ಮುಂದೆ ಬಂದು, ಧೈರ್ಯ ಹೇಳಲು ಬಂದವರನ್ನು ಒಂದೊಂದಾಗಿ ನುಂಗಿದವು. ಉಪವಾಸವೂ ಮುಗಿಯಿತು. ಉಳಿದಿರುವ ಒಂದೇ ಒಂದು ಟೆಟ್ರಾ ಈಗ ಬೇರಿನ ಹಿಂದೆ ಅವಿತಿದೆ. ಅದಕ್ಕೆ ಧೈರ್ಯ ಬರಲು ಯಾವ ಮೀನು ತರುತ್ತೀ ಎಂದು ಭಾವ ಕೇಳುತ್ತಿದ್ದಾರೆ.